ಕಟ್ಟೆಯ ಎತ್ತರಕ್ಕೆ ಇಳಿದ ಗಾಡಿ

ಮಖ್ತಲ್ ಸುತ್ತಮುತ್ತ ಪಿಕಪ್ ಗಾಡಿ ಇಟ್ಟುಕೊಂಡವರಲ್ಲಿ ಎರಡು ಪಂಗಡ. ಹಿಂದಿನ ಚಕ್ರಗಳಿಗೆ ಹೆಚ್ಚಿನ ಪಾಟಾ ಹಾಕಿಸಿ ಗಾಡಿಯ ಬೆನ್ನು ಎತ್ತರಿಸಿದವರು ಒಂದು. ಈ ಹಂಗಾಮು ಮುಗಿಯಲಿ, ನಾನೂ ಎತ್ತರಿಸುತ್ತೇನೆ ಎನ್ನುವವರು ಇನ್ನೊಂದು. ನಮ್ಮ ಸೋದರಮಾವ ಮೂರನೆಯ ಪಂಗಡ. ಆ ಪಂಗಡದ ಅಧ್ಯಕ್ಷ, ಕಾರ್ಯದರ್ಶಿ, ಏಕೈಕ ಸದಸ್ಯ, ಎಲ್ಲವೂ ಅವನೇ. ಅವನು ಗಾಡಿಯ ಹಿಂಭಾಗವನ್ನು ಇಳಿಸಿದ! ಅದೂ ಮನೆಯ ಅಂಗಳದಲ್ಲಿ, ಚಟ್ನಿ ಅರೆಯುವ ಒಳ್ಳುಕಲ್ಲಿನ ಸಹಾಯದಿಂದ!

ಪಾಟಾ ಎಂದರೆ ಚಕ್ರದ ಅಚ್ಚಿನ ಮೇಲೆ ಒಂದರ ಮೇಲೊಂದು ಪೇರಿಸಿದ, ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗಳು. ಪಟ್ಟಿ ಹೆಚ್ಚಿದಷ್ಟೂ ಗಾಡಿ ಎತ್ತರ, ಹೇರುವ ಹೊರೆಯೂ ಹೆಚ್ಚು. ಹತ್ತಿ, ಭತ್ತ ಸಾಗಿಸುವವನು ಇನ್ನೊಂದು ಪಟ್ಟಿ ಹಾಕಿ ಎನ್ನುತ್ತಾನೆಯೇ ಹೊರತು, ಇದ್ದದ್ದನ್ನು ಬಿಚ್ಚಿ ಎನ್ನುತ್ತಾನೆಯೇ?

ನಾನು ನಾರಾಯಣಪೇಟೆಯ ಕಾಲೇಜಿನಲ್ಲಿ ಇತಿಹಾಸ ಹೇಳಿಕೊಡುವವಳು. ಒಬ್ಬರ ನೆನಪನ್ನೇ ಸಾಕ್ಷಿಯೆಂದು ನಂಬಬೇಡಿ ಎಂದು ವಿದ್ಯಾರ್ಥಿಗಳಿಗೆ ಹೇಳಿ ಹೇಳಿ, ಈಗ ನನ್ನ ನೆನಪನ್ನೂ ನಂಬದ ಸ್ಥಿತಿಗೆ ಬಂದಿದ್ದೇನೆ. ಆದ್ದರಿಂದ ದಿನಚರಿ ತೆರೆದಿಟ್ಟುಕೊಂಡೇ ಬರೆಯುತ್ತಿದ್ದೇನೆ. ದಸರಾ ರಜೆಗೆ ಮಾವನ ಮನೆಗೆ ಹೋದ ದಿನದ ಪುಟದಲ್ಲಿ ಇರುವುದು ಇಷ್ಟೇ: ‘ಮಾವ ಗಾಡಿಯ ಕೆಳಗೆ. ಚಟ್ನಿ ಇಲ್ಲ.’

ಇದಕ್ಕೆಲ್ಲ ಕಾರಣ ನಮ್ಮ ಅತ್ತೆ. ಅವಳು ಗದ್ವಾಲದ ನೇಕಾರರ ಮನೆಯ ಮಗಳು. ಮುಚ್ಚಿದ ವಾಹನದಲ್ಲಿ ಕೂತರೆ ಊರು ದಾಟುವ ಮೊದಲೇ ಅವಳಿಗೆ ಹೊಟ್ಟೆ ತೊಳೆಸುತ್ತದೆ. ಬಸ್ಸು ಆಗದು, ಕಾರು ಆಗದು, ಪಿಕಪ್ಪಿನ ಮುಂದಿನ ಸೀಟೂ ಆಗದು. ಹಿಂದೆ, ಸಾಮಾನು ಹೇರುವ ಜಾಗದಲ್ಲಿ ಚಾಪೆ ಹಾಸಿ, ಗಾಳಿಗೆ ಮುಖ ಕೊಟ್ಟು ಕೂತರೆ ಮಾತ್ರ ಅರಸಿಯಂತೆ ಇರುತ್ತಾಳೆ. (ಹಾಗೆ ಕೂರುವುದು ಕಾನೂನಿಗೆ ಒಪ್ಪುವುದಿಲ್ಲ ಎಂದು ನನಗೆ ಗೊತ್ತು. ಅತ್ತೆಯ ಹೊಟ್ಟೆಗೆ ಗೊತ್ತಿಲ್ಲ.) ಆದರೆ ಮೈ ಭಾರ, ಮೊಣಕಾಲು ಕೈಕೊಟ್ಟಿವೆ. ಮೂರು ವರ್ಷದ ಹಿಂದೆ ತವರಿನ ಮದುವೆಗೆ ಹೋದಾಗ ಗಾಡಿಯಿಂದ ಇಳಿಯಲಾಗದೆ ನಿಂತಳು. ಅಣ್ಣನ ಮಕ್ಕಳು ನಾಲ್ವರು ಕಂಕುಳಿಗೆ ಕೈಕೊಟ್ಟು ಇಳಿಸಿದರು. ಬೀಗರ ಗುಂಪಿನಿಂದ ಯಾರೋ, “ಹಗೂರ್ಕ ಇಳಸ್ರಪಾ, ಚೀಲ ಹರದೀತು” ಎಂದರು. ಎಲ್ಲರೂ ನಕ್ಕರು. ಅತ್ತೆಯೂ ನಕ್ಕಳು. ಅಕ್ಷತೆ ಹಾಕಿದಳು, ಊಟ ಮಾಡಿದಳು, ಮಖ್ತಲ್‌ಗೆ ಮರಳಿದಳು. ಆಮೇಲೆ ತವರಿನ ಕಡೆ ತಲೆಹಾಕಲಿಲ್ಲ.

ಆ ಮನೆಯಲ್ಲಿ ಅವಳ ಅಕ್ಕ ಇದ್ದಾಳೆ. ದಿನವೂ ಸಂಜೆ ಫೋನು. ಈ ಸಲ ಅಕ್ಕ ಹೊಸ ಸುದ್ದಿ ಹೇಳಿದಳು: ಕಣ್ಣು ಮಂಜಾಗಿವೆ, ಈಗ ಮಗ್ಗದ ಮೇಲಿರುವ ಸೀರೆಯೇ ಕಡೆಯದು, ಬರುವ ಸೋಮವಾರ ಅದನ್ನು ಕೊಯ್ದು ಇಳಿಸುವುದು. “ನೀ ಬರಲಿಲ್ಲಂದ್ರ ನಾ ಕತ್ರಿ ಹಿಡಿಯಾಕಿ ಅಲ್ಲ ನೋಡು” ಎಂದಳಂತೆ. ಅತ್ತೆ ಮೊಣಕಾಲಿನ ನೆವ ಹೇಳಿ ಫೋನಿಟ್ಟು, ಗೋಡೆಯ ಕಡೆ ತಿರುಗಿ ಮಲಗಿದಳು.

ಮಾವ ಅವಳಿಗೆ ಸಮಾಧಾನ ಹೇಳಿದನೇ? ಇಲ್ಲ. ಮರುದಿನ ಮುಂಜಾನೆ ಟೇಪು ಜೇಬಿಗಿಳಿಸಿ, ಯಾರಿಗೂ ಹೇಳದೆ ಗದ್ವಾಲದ ಬಸ್ಸು ಹತ್ತಿದ!

ಅಲ್ಲಿ ಹೋಗಿ ಅತ್ತೆಯ ತವರುಮನೆಯೊಳಗೂ ಕಾಲಿಡದೆ ಬಾಗಿಲ ಮುಂದಿನ ಕಟ್ಟೆಯನ್ನು ಅಳೆಯತೊಡಗಿದ. ಉದ್ದ, ಎತ್ತರ, ಬೀದಿಯ ಇಳಿಜಾರು, ಎಲ್ಲ. ಅಳಿಯ ಇಷ್ಟು ವರ್ಷಗಳ ನಂತರ ಟೇಪು ಹಿಡಿದು ಮನೆ ಅಳೆಯುತ್ತಿದ್ದರೆ ಒಳಗಿದ್ದವರಿಗೆ ಏನನ್ನಿಸಬೇಕು? ಹೆಂಡತಿಯ ಪಾಲು ಕೇಳಲು ಬಂದ ಎಂದೇ ತಿಳಿದರು. ಅತ್ತೆಯ ಅಣ್ಣ ಹೊರಬಂದು, “ಒಳಗ ಬರ್ರಿ, ಕೂತು ಮಾತಾಡೂಣು” ಎಂದ. ಮಾವ, “ಮಾತಾಡೂದೇನೈತ್ರಿ, ನನಗ ಕಟ್ಟಿ ಒಂದ ಸಾಕು” ಎಂದ. ಆ ಮನೆಯಲ್ಲಿ ಅಂದು ಯಾರಿಗೂ ಅನ್ನ ಸೇರಲಿಲ್ಲವಂತೆ.

ಗಾಡಿಯ ಹಿಂಭಾಗ ಆ ಕಟ್ಟೆಗಿಂತ ಆರು ಇಂಚು ಎತ್ತರ ಇದೆ ಎಂದು ಲೆಕ್ಕ ಸಿಕ್ಕಿತು. ಆರು ಎನ್ನುವುದು ದಿನಚರಿ. ನನ್ನ ನೆನಪಿನಲ್ಲಿ ಎಂಟು. ಕತೆ ಹೇಳುವಾಗ ನೆನಪು ಯಾವಾಗಲೂ ಎರಡು ಇಂಚು ಜಾಸ್ತಿ ಇಳಿಯುತ್ತದೆ.

ಮೆಕ್ಯಾನಿಕ್ ಒಪ್ಪಲಿಲ್ಲ. ತನ್ನ ಕೈ ಪಾಟಾ ಸೇರಿಸಿದ್ದೇ ಹೊರತು ಎಂದೂ ತೆಗೆದಿಲ್ಲ ಎಂದ. ಮೊದಲು ಮನೆಗೆ ಹೋಗಿ ಸ್ವಲ್ಪ ಮಲಗಿ, ಎದ್ದಮೇಲೂ ಹಾಗೇ ಅನ್ನಿಸಿದರೆ ಬನ್ನಿ ಎಂದು ಸಲಹೆಯನ್ನೂ ಕೊಟ್ಟ. ಮಾವ ಮನೆಗೆ ಬಂದ. ಮಲಗಿದ್ದು ಮಾತ್ರ ಗಾಡಿಯ ಕೆಳಗೆ. ಜಾಕ್ ಒಂದೇ ಇತ್ತು. ಎತ್ತಿದ ಗಾಡಿ ಮೈಮೇಲೆ ಕೂರಬಾರದಲ್ಲ? ಅಡುಗೆಮನೆಯ ಹೊರಗಿದ್ದ ಒಳ್ಳುಕಲ್ಲನ್ನು ಉರುಳಿಸಿ ತಂದು ಬೋರಲು ಹಾಕಿ ಒಂದು ಕಡೆ ಕೊಟ್ಟ. ಇನ್ನೊಂದು ಕಡೆಗೆ ನೆರೆಮನೆಯ ಒಳ್ಳು. ಎರಡು ಮನೆಗಳಲ್ಲಿ ಚಟ್ನಿ ನಿಂತಿತು.

ಬಂದವರೆಲ್ಲ ಕೇಳುವುದು ಒಂದೇ ಪ್ರಶ್ನೆ, ಯಾಕೆ? ಮಾವ ಒಬ್ಬೊಬ್ಬರಿಗೆ ಒಂದೊಂದು ಕಾರಣ ಹೇಳಿದ. ಟೊಮೇಟೊ ಹಣ್ಣು ಜಜ್ಜದಿರಲಿ ಅಂತ. ಗಾಳಿ ಕಡಿಮೆ ಹೊಡೆಯಲಿ ಅಂತ. ಅತ್ತೆಗೆ ಹೇಳಿದ್ದು, ಈಗ ಇದೇ ಫ್ಯಾಶನ್ನು ಅಂತ. ಅತ್ತೆ ಗಾಡಿಯ ಕೆಳಗಿನಿಂದ ಹೊರಚಾಚಿದ ಅವನ ಕಾಲುಗಳನ್ನೂ ಹರಿದ ಧೋತರವನ್ನೂ ನೋಡಿ, “ಹೌದ್ ಹೌದು, ಫ್ಯಾಶನ್ ಕಾಣಾಕತ್ತೈತಿ” ಎಂದಳು.

ಮೊದಲ ದಿನ ಎರಡೂ ಕಡೆಯಿಂದ ಎರಡೆರಡು ಪಟ್ಟಿ ಬಿಚ್ಚಬೇಕಿತ್ತು. ನಡುವೆ ಚಹಾ ಬಂತು. ಚಹಾದ ನಂತರ ಎಡಗಡೆ ಮೂರನೆಯದೂ ಬಿಚ್ಚಿಹೋಯಿತು. ಗಾಡಿ ಇಳಿದಾಗ ಗೋಡೆಗೆ ಒರಗಿ ಹರಟೆ ಹೊಡೆಯುವ ಮನುಷ್ಯನಂತೆ ನಿಂತಿತು! ಅದನ್ನು ಸರಿ ಮಾಡಿದರೂ ಇಳಿದದ್ದು ಎರಡೇ ಇಂಚು. ಆಗ ಮಾವನಿಗೆ ದೊಡ್ಡ ಯೋಚನೆ ಹೊಳೆಯಿತು. ಅಚ್ಚಿನ ಮೇಲೆ ಕೂತಿದ್ದ ಪಟ್ಟಿಗಳ ಕಟ್ಟನ್ನು ಇಡಿಯಾಗಿ ತೆಗೆದು ಅಚ್ಚಿನ ಕೆಳಗೆ ಕಟ್ಟಿದರೆ? ಎರಡು ದಿನ ಕಟ್ಟಿದ. ಗಾಡಿ ಈಗ ಬೇಕಾದ್ದಕ್ಕಿಂತ ಒಂದು ಇಂಚು ಹೆಚ್ಚೇ ಕುಸಿಯಿತು. ತೆಗೆದ ಪಟ್ಟಿಗಳಲ್ಲಿ ಒಂದೊಂದನ್ನು ಮತ್ತೆ ಸೇರಿಸಿದ ಮೇಲೆ ಸರಿಹೋಯಿತು. ಮೂತಿ ಆಕಾಶಕ್ಕೆ, ಬಾಲ ನೆಲಕ್ಕೆ. ಹತ್ತಿ ಹೇರಿಸಲು ಬಂದಿದ್ದ ರೈತರಿಬ್ಬರು ಗಾಡಿಯನ್ನು ಒಂದು ಸುತ್ತು ಹಾಕಿ, ಮಾವನ ಆರೋಗ್ಯ ವಿಚಾರಿಸಿ ಹೊರಟುಹೋದರು. ಈ ಹಂಗಾಮಿನ ಬಾಡಿಗೆ ಅವರ ಹಿಂದೆಯೇ ಹೋಯಿತು.

ಅಷ್ಟರಲ್ಲಿ ಹೊಸ ಚಿಂತೆ. ಅಳತೆಯೆಲ್ಲ ಖಾಲಿ ಗಾಡಿಯದ್ದು. ಅತ್ತೆ ಕೂತರೆ ಗಾಡಿ ಇನ್ನಷ್ಟು ಕುಸಿಯುವುದಿಲ್ಲವೇ? ಎಷ್ಟು ಕುಸಿಯುತ್ತದೆ ಎಂದು ತಿಳಿಯಬೇಕಾದರೆ ಅತ್ತೆಯ ತೂಕ ಗೊತ್ತಿರಬೇಕು. ಕೇಳುವ ಧೈರ್ಯ ಯಾರಿಗಿದೆ? ಮಾವ ಸುತ್ತ ನೋಡಿ, ಒಂದೂವರೆ ಚೀಲ ಜೋಳ ಹೊತ್ತು ಗಾಡಿಗೆ ಹಾಕಿದ. ನಾನು ಟೇಪು ಹಿಡಿದೆ. ಆಗಲೇ ಬಾಗಿಲಲ್ಲಿ ಅತ್ತೆ!

ನಾನು ಟೇಪನ್ನು ಬೆನ್ನ ಹಿಂದೆ ಅಡಗಿಸಿದೆ. ಚೀಲ ಎಂಬ ಮಾತಿಗೇ ಮೂರು ವರ್ಷ ತವರು ಬಿಟ್ಟವಳು. ಈ ಚೀಲಗಳು ಯಾರ ಬದಲಿಗೆ ಕೂತಿವೆ ಎಂದು ತಿಳಿದರೆ ಸೋಮವಾರವೂ ಮುಗಿಯಿತು, ಗದ್ವಾಲವೂ ಮುಗಿಯಿತು.

“ಯಾಕ ಹೇರೀರಿ ಜ್ವಾಳ?” ಎಂದಳು.

“ಬೀಸಾಕ” ಎಂದ ಮಾವ.

“ಒಂದೂವರಿ ಚೀಲಾನ?”

“ಹೂಂ. ಹಬ್ಬ ಐತಲ್ಲ.”

“ಹಂಗಾದ್ರ ನಡೀರಿ, ಗಿರಣಿ ಮುಚ್ಚತಾರ.”

ಏನು ಮಾಡುವುದು? ಹೋಗಿ ಅಷ್ಟನ್ನೂ ಬೀಸಿಸಿಕೊಂಡು ಬಂದೆವು. ಮನೆಯಲ್ಲಿ ಕೊಡಗಳಲ್ಲೆಲ್ಲ ಹಿಟ್ಟು. ಓಣಿಯ ಮನೆಮನೆಗೂ ಹಂಚಿದರೂ ನಾನು ನಾರಾಯಣಪೇಟೆಗೆ ಹೊರಡುವಾಗ ಎರಡು ಡಬ್ಬಿ ಹೊರಬೇಕಾಯಿತು. ಆದರೆ ಅಳತೆ ಸಿಕ್ಕಿತ್ತು: ಒಂದು ಬೆರಳು. ಮಾವ ಮತ್ತೆ ಗಾಡಿಯ ಕೆಳಗೆ ಹೋಗಿ ಆ ಒಂದು ಬೆರಳನ್ನು ಸರಿಪಡಿಸಿದ.

ನನಗೊಂದು ಅನುಮಾನ ಉಳಿದಿತ್ತು. ಇಷ್ಟೆಲ್ಲ ಯಾಕೆ, ಗದ್ವಾಲದ ಕಟ್ಟೆಗೆ ಎರಡು ಚಪ್ಪಡಿ ಕಲ್ಲು ಹಾಕಿಸಿ ಎತ್ತರಿಸಿದ್ದರೆ ಮುಗಿಯುತ್ತಿರಲಿಲ್ಲವೇ? ಕೇಳಿಯೇಬಿಟ್ಟೆ. ಮಾವ ಕೈಯ ಗ್ರೀಸು ಒರೆಸಿಕೊಳ್ಳುತ್ತ ಹೇಳಿದ: “ಇಲ್ಲಿ ಹತ್ತಾಕ ಹಲಗಿ ಇಡತೀನವ್ವಾ, ನೋಡಾವ್ರು ಯಾರದಾರ? ಅಲ್ಲಿ ಆಕಿ ಸಲುವಾಗಿ ಕಲ್ಲ ಹಾಕ್ಯಾರಂದ್ರ ಅದ ಮತ್ತೊಂದು ಮಾತಾಗತೈತಿ. ಗಾಡಿ ನಿಲ್ಲಬೇಕು, ಆಕಿ ಎದ್ದು ನಡಕೊಂತ ಮನಿಯಾಗ ಹೋಗಬೇಕು. ಅಷ್ಟ.”

ಭಾನುವಾರ ಅತ್ತೆಗೂ ಹೇಳಿದ. ಗಾಡಿ ಕಟ್ಟೆಗೆ ಸಮ ನಿಲ್ಲುತ್ತದೆ, ಯಾರೂ ಮುಟ್ಟುವುದಿಲ್ಲ ಎಂದ. ಅತ್ತೆ ಗಾಡಿಯ ಹಿಂಬದಿಯನ್ನು ಒಮ್ಮೆ ಕೈಯಿಂದ ಸವರಿ ನೋಡಿದಳು. ಆಮೇಲೆ ಒಳಗೆ ಹೋಗಿ ಪೆಟ್ಟಿಗೆಯಿಂದ ಒಳ್ಳೆಯ ಸೀರೆ ತೆಗೆದಿಟ್ಟಳು.

ಸೋಮವಾರ ಹೊರಟೆವು. ಸ್ಪೀಡ್ ಬ್ರೇಕರ್ ಬಂದಾಗಲೆಲ್ಲ ಮಾವ ಗಾಡಿಯನ್ನು ಕೈಕೂಸಿನಂತೆ ದಾಟಿಸುತ್ತಿದ್ದ. ಹಿಂದೆ ಟ್ರ್ಯಾಕ್ಟರುಗಳು ಹಾರ್ನು ಹೊಡೆಯುತ್ತಿದ್ದವು. ಜುರಾಲಾ ಅಣೆಕಟ್ಟಿನ ಮೇಲೆ ನೀರಿನ ಗಾಳಿ ಬೀಸಿದಾಗ ಅತ್ತೆ ಸೆರಗು ಬಿಗಿದುಕೊಂಡು ಏನೋ ಹಾಡಿಕೊಳ್ಳುತ್ತಿದ್ದಳು. ಹಾಡೋ, ಅಕ್ಕನಿಗೆ ಹೇಳಬೇಕಾದ ಮಾತಿನ ಅಭ್ಯಾಸವೋ, ಪಕ್ಕದಲ್ಲೇ ಕೂತಿದ್ದ ನನಗೂ ಖಾತ್ರಿಯಿಲ್ಲ.

ಗದ್ವಾಲದ ಆ ಓಣಿಯಲ್ಲಿ, ಕಡೆಯ ಸೀರೆ ಇಳಿಸುವುದನ್ನು ನೋಡಲು ಬೀಗರೂ ಸೇರಿದಂತೆ ಜನ ನೆರೆದಿದ್ದರು. ಅಣ್ಣನ ಮಕ್ಕಳು ನಾಲ್ವರೂ ತೋಳು ಮಡಚಿ ಸಿದ್ಧ. ಮಾವ ಗಾಡಿಯನ್ನು ಹಿಂದಕ್ಕೆ ತಂದ. ನಾನು ಮೊದಲೇ ಇಳಿದು ಕೈ ಬೀಸಿ ದಾರಿ ತೋರಿಸುತ್ತಿದ್ದೆ. ಇನ್ನೊಂದಿಷ್ಟು, ಇನ್ನೊಂದಿಷ್ಟು. ಟಕ್ ಎಂದು ಕಟ್ಟೆಗೆ ತಾಗಿತು. ಹಿಂದಿನ ಬಾಗಿಲು ಬಿಚ್ಚಿ ಮಲಗಿಸಿದೆ. ಸಮ! ರೊಟ್ಟಿ ಹಲಗೆಯಂತೆ ಸಮ!

ಅತ್ತೆ ಎದ್ದಳು. ನಾಲ್ವರೂ ಮುಂದೆ ಬಂದರು. ಅತ್ತೆ ಅವರ ಕಡೆ ನೋಡಲೂ ಇಲ್ಲ. ಒಂದು ಹೆಜ್ಜೆ ಗಾಡಿಯಲ್ಲಿ, ಮರುಹೆಜ್ಜೆ ಕಟ್ಟೆಯ ಮೇಲೆ. ಅಡುಗೆಮನೆಯಿಂದ ಪಡಸಾಲೆಗೆ ಬಂದಷ್ಟು ಸಲೀಸು. ಅಕ್ಕ ಬಾಗಿಲಿನಲ್ಲಿ ಕಣ್ಣು ಕಿರಿದು ಮಾಡಿ, “ಯಾರು, ನಮ್ಮಾಕೇನ?” ಎಂದಳು. “ಹೂಂ ಅಕ್ಕಾ, ನಾನ” ಎಂದಳು ಅತ್ತೆ. ಇಬ್ಬರೂ ಕೈ ಹಿಡಿದುಕೊಂಡು ನಿಂತರು. ಬೀಗರ ಕಡೆಯಿಂದ ಯಾರೂ ಏನೂ ಅನ್ನಲಿಲ್ಲ. ಅನ್ನಲು ಏನಿತ್ತು?

ಆದರೆ ಮಾವ ಎಲ್ಲಿ? ಇನ್ನೂ ಗಾಡಿಯ ಮುಂದಿನ ಸೀಟಿನಲ್ಲೇ ಇದ್ದ. ಬಾಗಿಲು ತೆರೆದಿತ್ತು, ಒಂದು ಕಾಲು ಹೊರಗಿತ್ತು, ಮುಖ ಬಿಳಿಚಿತ್ತು. ಐದು ದಿನ ನೆಲದ ಮೇಲೆ ಅಂಗಾತ ಮಲಗಿ ಬೋಲ್ಟು ತಿರುವಿದ ಸೊಂಟ, ಎರಡು ತಾಸಿನ ದಾರಿಯಲ್ಲಿ ಹಿಡಿದುಕೊಂಡುಬಿಟ್ಟಿತ್ತು. ಅಣ್ಣನ ಮಕ್ಕಳು ಅತ್ತ ಓಡಿದರು. ಮಾವ ಹಲ್ಲು ಕಚ್ಚಿ, ಯಾರೂ ಮುಟ್ಟಬೇಡಿ, ತಾನೇ ಇಳಿಯುತ್ತೇನೆ ಎಂದ. ಇಳಿಯಲಿಲ್ಲ. ಜನರಲ್ಲಿ ಸಣ್ಣಗೆ ನಗೆ ಎದ್ದಿತು.

ಅತ್ತೆ ಅಕ್ಕನ ಕೈ ಬಿಟ್ಟಳು. ಕಟ್ಟೆಯ ಕೊನೆಯಲ್ಲಿದ್ದ ಮೂರು ಮೆಟ್ಟಿಲುಗಳನ್ನು ಗೋಡೆ ಹಿಡಿದು, ಅಡ್ಡಲಾಗಿ, ಒಂದೊಂದರ ಮೇಲೂ ಎರಡೂ ಕಾಲು ಊರಿ ಇಳಿದಳು. ಎಲ್ಲರ ಎದುರಿಗೆ, ನಿಧಾನವಾಗಿ, ಮೊಣಕಾಲು ನೋವನ್ನು ಮುಚ್ಚಿಡದೆ. ಗಾಡಿಯ ಉದ್ದಕ್ಕೂ ನಡೆದು ಬಂದು ಮಾವನ ಮುಂದೆ ನಿಂತು ಎರಡೂ ಕೈ ಚಾಚಿದಳು.

“ಹಿಡೀರಿ” ಎಂದಳು. “ಮಂದಿ ನೋಡಿದ್ರ ನೋಡ್ಲಿ.”