ಸಿಹಿ ಪದಾರ್ಥ, ಬತ್ತಿ ಸಹಿತ

೧೯೮೪ನೇ ಇಸವಿ ಜೂನ್ ಹನ್ನೊಂದನೇ ತಾರೀಖಿನ ನನ್ನ ಡೈರಿಯಲ್ಲಿ ಹೀಗೆ ನಮೂದಾಗಿದೆ: "ಇಂದು ಬೆಳಿಗ್ಗೆ ಅತ್ತೆಯವರು ಅಡುಗೆಮನೆಯ ಕೀಲಿ ನನ್ನ ಕೈಗೆ ಕೊಟ್ಟರು. ಇನ್ನು ಮುಂದೆ ಈ ಮನೆಯಲ್ಲಿ ಯಾರು ಏನು ಉಣ್ಣಬೇಕೆಂಬುದು ನನ್ನ ತೀರ್ಮಾನ." ಈ ತೀರ್ಮಾನ ಸುಮಾರು ನಲವತ್ತು ವರ್ಷ ಜಾರಿಯಲ್ಲಿತ್ತು. ಆಮೇಲೆ, ನಮ್ಮ ಅಡುಗೆಮನೆಯಲ್ಲಿ ಅಡುಗೆ ಮಾಡುವುದು ನಿಯಮಬಾಹಿರವೆಂದು ತಿಳಿದುಬಂತು. ಅದು ಹೇಗೆ ತಿಳಿದುಬಂತೆಂಬುದನ್ನು ದಾಖಲೆಗಳ ಆಧಾರದ ಮೇಲೆ ಇಲ್ಲಿ ಬರೆದಿಡುತ್ತಿದ್ದೇನೆ.

ನಾನು ಅಕ್ಕುತಾಯಿ, ಬಿ.ಎ. ಊರು ರಾಯಬಾಗ ತಾಲೂಕಿನ ದಿಗ್ಗೇವಾಡಿ. ೧೯೮೧ರಲ್ಲಿ ಚಿಕ್ಕೋಡಿಯಲ್ಲಿ ಓದಿ ಪದವಿ ಪಡೆದ ನಮ್ಮ ಕಡೆಯ ಹೆಣ್ಣುಮಕ್ಕಳು ಎಷ್ಟು ಮಂದಿ ಎಂದು ಕೇಳಿದರೆ ಒಬ್ಬಳೇ ಎನ್ನಬೇಕಾಗುತ್ತದೆ. ಅದನ್ನು ಹೇಳಿಕೊಳ್ಳುವ ಉದ್ದೇಶ ನನಗಿಲ್ಲ.

೨೦೨೪ರ ಜನವರಿಯಲ್ಲಿ ನಮ್ಮ ಸೊಸೆ ಮಯೂರಿ ಮೂರು ದಿನದ ತರಬೇತಿ ಮುಗಿಸಿ, ಸೋಯಾ ಮೇಣದಿಂದ ಸುವಾಸನೆಯ ಮೇಣದಬತ್ತಿ ಮಾಡುವುದನ್ನು ಕಲಿತು ಬಂದಳು. ಮೇಣ ಕೊಲ್ಹಾಪುರದಿಂದ ಪಾರ್ಸಲ್ ಬರುತ್ತದೆ. ನೋಡಲು ಹೆರೆದ ಕೊಬ್ಬರಿಯಂತಿರುತ್ತದೆ. ದೊಡ್ಡ ಪಾತೇಲಿಯಲ್ಲಿ ನೀರು ಕಾಯಿಸಿ, ಅದರೊಳಗೆ ಚಹಾದ ಪಾತ್ರೆ ಇಟ್ಟು ಮೇಣ ಕರಗಿಸಬೇಕು. ತುಸು ಆರಿದ ಮೇಲೆ ವಾಸನೆಯ ಎಣ್ಣೆ ಹಾಕಬೇಕು. ಬಟ್ಟೆ ಒಣಹಾಕುವ ಚಿಮಟಿಯಿಂದ ಬತ್ತಿಯನ್ನು ಗಾಜಿನ ಲೋಟದ ನಟ್ಟನಡುವೆ ನಿಲ್ಲಿಸಿ, ಮೇಣ ಸುರಿದು, ಹದಿನೈದು ದಿನ ಮುಟ್ಟಬಾರದು. ಉಪ್ಪಿನಕಾಯಿಯನ್ನೇ ಹದಿನೈದು ದಿನ ಮುಟ್ಟದೆ ಬಿಟ್ಟ ಇತಿಹಾಸ ನಮ್ಮ ಮನೆಗಿಲ್ಲ. ಆದರೂ ಬಿಟ್ಟೆವು.

ಮೊದಲು ಮಾಡಿದ್ದು ಲ್ಯಾವೆಂಡರ್ ವಾಸನೆಯದು. ಪಕ್ಕದ ಮನೆಯ ಲಕ್ಕವ್ವ ಬಂದು ಮೂಸಿ ನೋಡಿ, ದವಾಖಾನೆ ನೆಲ ಒರಸಿದಂಗ ಐತಿ ಎಂದು ಅಭಿಪ್ರಾಯಪಟ್ಟಳು. ಮಯೂರಿ ಅದನ್ನು ಬಿಟ್ಟು ಬೆಲ್ಲ ಮತ್ತು ಏಲಕ್ಕಿಯ ವಾಸನೆಗೆ ಕೈಹಾಕಿದಳು. ಲೋಟದ ಮುಚ್ಚಳ ತೆಗೆದರೆ ಸಾಕು, ಹೋಳಿಗೆಗೆ ಹೂರಣ ತಿರುವುವ ವಾಸನೆ ಮನೆ ತುಂಬುತ್ತಿತ್ತು. ನಮ್ಮ ಯಜಮಾನರು ಜ್ಞಾನದೇವ, ನಿವೃತ್ತ ಪೋಸ್ಟಮಾಸ್ತರರು, ಆ ವಾರದಲ್ಲಿ ಮೂರು ಸಲ ಕೈತೊಳೆದುಕೊಂಡು ಬಂದು ತಾಟಿನ ಮುಂದೆ ಕುಳಿತರು. ಮೂರೂ ಸಲ ಬೇಳೆ ಬಡಿಸಲಾಯಿತು.

ಈ ವಾಸನೆ ಕಾಗವಾಡದ ದ್ರಾಕ್ಷಿ ತೋಟದ ತಾತ್ಯಾಸಾಹೇಬರವರೆಗೂ ಹೋಯಿತು. ಏಪ್ರಿಲ್‌ನಲ್ಲಿ ಅವರ ಮಗಳ ಮದುವೆ. ಬಂದವರಿಗೆಲ್ಲ ಸ್ಟೀಲ್ ಡಬ್ಬಿ ಕೊಟ್ಟು ಬೇಸರವಾಗಿದೆ, ಆರುನೂರು ಮೇಣದಬತ್ತಿ ಬೇಕು ಎಂದು ಹೇಳಿ ಕಳಿಸಿದರು. ಮಯೂರಿ ಆ ದಿನವೇ ಮೇಣಕ್ಕೆ ಫೋನ್ ಮಾಡಲು ಹೊರಟಳು. ನಾನು ತಡೆದೆ. ನಮ್ಮ ಮನೆಯಲ್ಲಿ ನೋಂದಣಿ ಇಲ್ಲದೆ ಯಾವ ಕೆಲಸವೂ ನಡೆದಿಲ್ಲ. ಗೃಹೋತ್ಪನ್ನ ವರ್ಗೀಕರಣ ಉಪಕಚೇರಿಯಿಂದ ನಮೂನೆ ಏಳು ತರಿಸಿ, ನಾನೇ ಕೂತು ತುಂಬಿದೆ.

ಕಲಂ ನಾಲ್ಕರಲ್ಲಿ "ಕಚ್ಚಾ ಸಾಮಗ್ರಿಯ ಮೂಲ" ಎಂದಿತ್ತು. ನಾನು "ಸ್ವಂತ ಹೊಲದ ಸೋಯಾಬೀನ" ಎಂದು ಬರೆದು ಸರ್ವೆ ನಂಬರನ್ನೂ ಹಾಕಿದೆ. ಮೇಣ ಕೊಲ್ಹಾಪುರದ್ದಲ್ಲವೇ ಎಂದು ಯಜಮಾನರು ಕೇಳಿದರು. ಎರಡು ಎಕರೆ ಸೋಯಾಬೀನ ಬೆಳೆದು, ಹನ್ನೊಂದು ಚೀಲ ಪಡಸಾಲೆಯಲ್ಲಿ ಒಟ್ಟಿಕೊಂಡು ಕುಳಿತವರು, ಸೋಯಾಬೀನದ ವಸ್ತುವನ್ನು ಬೇರೆ ರಾಜ್ಯದಿಂದ ಪಾರ್ಸಲ್ ತರಿಸುತ್ತೇವೆ ಎಂದು ಸಹಿ ಹಾಕಿ ಬರೆದುಕೊಡುವುದು ಹೇಗೆ? ನಾಳೆ ಆ ಕಾಗದ ಊರಿನವರ ಕೈಗೆ ಸಿಕ್ಕರೆ?

ಇಪ್ಪತ್ತು ದಿನದಲ್ಲಿ ಉತ್ತರ ಬಂತು:

"ತಮ್ಮ ಅರ್ಜಿಯನ್ನು ಪರಿಶೀಲಿಸಲಾಗಿ, ಸ್ವಂತ ಹೊಲದ ಸೋಯಾಬೀನದಿಂದ, ಅಡುಗೆಮನೆಯಲ್ಲಿ, ಒಲೆಯ ಮೇಲೆ, ಹೂರಣದ ವಾಸನೆ ಬರುವಂತೆ ತಯಾರಿಸಿ ಲೋಟದಲ್ಲಿ ಹಾಕಿ ಕೊಡುವ ಸದರಿ ವಸ್ತುವು ತಿನ್ನತಕ್ಕದ್ದಲ್ಲವೆಂದು ನಂಬಲು ಯಾವುದೇ ಕಾರಣ ಕಂಡುಬಂದಿರುವುದಿಲ್ಲ. ಆದಕಾರಣ ಇದನ್ನು 'ಸಿಹಿ ಪದಾರ್ಥ, ಬತ್ತಿ ಸಹಿತ' ಎಂದು ವರ್ಗೀಕರಿಸಿ ನೋಂದಾಯಿಸಲಾಗಿದೆ."

ಪತ್ರದಲ್ಲಿ ಒಂದೂ ಕಾಗುಣಿತದ ತಪ್ಪಿರಲಿಲ್ಲ. ಇಂಥ ಪತ್ರವನ್ನು ಸುಲಭವಾಗಿ ತಳ್ಳಿಹಾಕಲಾಗದು.

ಮಯೂರಿ ಓದಿ, "ಅತ್ತಿ, ನಾಕನೇ ಕಲಮಿನ್ಯಾಗ ಒಂದ ಗೆರಿ ಹೊಡದು 'ಕೊಲ್ಹಾಪುರದ ಮೇಣ' ಅಂತ ಬರದ್ರ ಮುಗೀತೈತಿ," ಎಂದಳು.

ಗೆರೆ ಹೊಡೆದರೆ ಪಕ್ಕದಲ್ಲಿ ಸಹಿ ಹಾಕಬೇಕಾಗುತ್ತದೆ, ಸಹಿ ಹಾಕಿದರೆ ಮೊದಲು ಬರೆದದ್ದು ಸುಳ್ಳೆಂದು ಒಪ್ಪಿದಂತಾಗುತ್ತದೆ ಎಂದು ನಾನು ಅವಳಿಗೆ ತಿಳಿಸಿ ಹೇಳಿದೆ. ಪದವಿ ಪಡೆದ ಮೇಲೆ ನಾನು ಬರೆದ ಯಾವ ಕಾಗದದ ಮೇಲೂ ಗೆರೆ ಬಿದ್ದಿಲ್ಲ. ಮೇಲಾಗಿ ಸಿಹಿ ಪದಾರ್ಥ ಎಂದರೆ ಅವಮಾನವೇನಲ್ಲ.

ಮಾರ್ಚ್ ಹದಿನಾಲ್ಕು, ಗುರುವಾರ, ಉಪಕಚೇರಿಯ ಪರಿವೀಕ್ಷಕ ವಿಕ್ರಾಂತ ಬಂದ. ಎಳೆಯ ವಯಸ್ಸು, ವಿನಯವಂತ, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಕಾಲಿಟ್ಟ. ಮೇಣದ ಪಾತೇಲಿ, ಚಿಮಟಿ, ಲೋಟ ಎಲ್ಲ ನೋಡಿ ತಲೆಯಾಡಿಸಿದ. ಆಮೇಲೆ ಅವನ ಕಣ್ಣು ಇನ್ನೊಂದು ಒಲೆಯ ಮೇಲೆ ಹೋಯಿತು.

"ಇದರಾಗ ಏನ ಕುದ್ಯಾಕತ್ತೈತ್ರಿ?"

"ಬ್ಯಾಳಿ," ಎಂದೆ.

"ಪರವಾನಗಿ?"

"ಬ್ಯಾಳಿಗೆ?"

"ನೋಂದಣಿ ಆದ ಸಿಹಿ ಪದಾರ್ಥ ಮಾಡು ಜಾಗಾದಾಗ ನೋಂದಣಿ ಇಲ್ಲದ ತಿನ್ನು ವಸ್ತು ಮಾಡುವಂಗಿಲ್ರಿ. ನಿಯಮ ಹದಿನಾಲ್ಕು, ಬ."

"ನಾ ನಲವತ್ತ ವರ್ಷದಿಂದ ಇಲ್ಲೇ ಮಾಡಾಕತ್ತೇನಿ."

ಅವನು ಪೆನ್ನಿನ ಟೋಪಿ ಮುಚ್ಚಿದ. "ಆ ನಲವತ್ತ ವರ್ಷದ್ದು ನಾ ಬರ್ಕೊಳ್ಳೂದಿಲ್ರಿ ಬಾಯಾರ. ನಿಮ್ಮ ವಯಸ್ಸಿಗೆ ಮರ್ಯಾದಿ ಕೊಟ್ಟು ಇವತ್ತಿಂದಷ್ಟ ಬರ್ಕೋತೇನಿ."

ಸರಕಾರಿ ನೌಕರರಲ್ಲಿ ಇಷ್ಟು ಮನುಷ್ಯತ್ವ ಈಗ ಅಪರೂಪ. ಅರೆಬೆಂದ ಬೇಳೆಯನ್ನು ಕಂಪೌಂಡ್ ಗೋಡೆಯ ಮೇಲಿಂದ ಲಕ್ಕವ್ವಳ ಮನೆಗೆ ದಾಟಿಸಲಾಯಿತು. ನಮ್ಮ ಕಡೆ ಮನೆಗೆ ಬಂದವರನ್ನು, ಅವರು ಮನೆ ಜಪ್ತಿ ಮಾಡಲು ಬಂದಿದ್ದರೂ, ಚಹಾ ಕೊಡದೆ ಕಳಿಸುವ ರೂಢಿಯಿಲ್ಲ. ಚಹಾ ಅದೇ ಗೋಡೆಯ ಮೇಲಿಂದ ಈ ಕಡೆ ಬಂತು. ವಿಕ್ರಾಂತ ಕುಡಿದು, ಚಹಾ ಭಾರಿ ಆಗೇತಿ ಎಂದ. ನಮ್ಮ ಮನೆಯಲ್ಲಿ ಕೂತು ಬೇರೆಯವರ ಚಹಾವನ್ನು ಹೊಗಳಿದ ಮೊದಲ ಪ್ರಕರಣ ಅದು. ಸಮಯ ಹನ್ನೊಂದೂ ಇಪ್ಪತ್ತು.

ಅಂದಿನಿಂದ ನಾವು ಲಕ್ಕವ್ವಳ ಮನೆಯಲ್ಲಿ ಉಣ್ಣತೊಡಗಿದೆವು. ಲಕ್ಕವ್ವ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಅವಳ ಅಡುಗೆಯಲ್ಲಿ ಉಪ್ಪು ಹೆಚ್ಚೆಂದು ನಾನು ೧೯೮೯, ೧೯೯೭ ಮತ್ತು ೨೦೧೧ರಲ್ಲಿ, ಹೀಗೆ ಮೂರು ಸಲ ಅವಳಿಗೆ ತಿಳಿಸಿದ್ದೇನೆ, ಡೈರಿಯಲ್ಲಿದೆ. ಅವಳಿಗೂ ನೆನಪಿತ್ತು.

"ಬರ್ರಿ ಬಿ.ಎ. ಬಾಯಾರ, ಕುಂಡ್ರರಿ," ಎಂದು ತಾಟು ಇಟ್ಟಳು. "ಉಪ್ಪ ಹೆಚ್ಚಾದ್ರ ಒಂದ ಅರ್ಜಿ ಬರದ ಕೊಡ್ರಿ, ವಿಚಾರ ಮಾಡೂನು."

ಯಜಮಾನರು ಎರಡನೆಯ ಸಲ ಬೇಳೆ ಹಾಕಿಸಿಕೊಂಡರು.

ನಮ್ಮ ಅಡುಗೆಮನೆಯಲ್ಲಿ ಕೆಲಸ ಭರದಿಂದ ಸಾಗಿತ್ತು. ಪ್ರತಿ ಗುರುವಾರ ವಿಕ್ರಾಂತ, ಅವನ ಮೇಲಧಿಕಾರಿ ಮತ್ತು ಇನ್ನು ಮೂವರು ಸೇರಿ ಒಟ್ಟು ಐದು ಜನರ ರುಚಿ ಪರೀಕ್ಷಾ ಸಮಿತಿ ಬರುತ್ತಿತ್ತು. ಸಾಲಾಗಿ ಕೂತು, ಮೇಣಕ್ಕೆ ನಾಲಿಗೆಯ ತುದಿ ತಾಗಿಸಿ, ಸ್ವಲ್ಪ ಹೊತ್ತು ಸೂರಿನ ಕಡೆ ನೋಡುತ್ತಿದ್ದರು. ಮೊದಲ ವರದಿ ನನ್ನಲ್ಲಿದೆ: "ವಾಸನೆ ಉತ್ತಮ. ಸಿಹಿ ಸಾಲದು. ಬತ್ತಿಯಲ್ಲಿ ನಾರಿನಂಶ ಸಾಕಷ್ಟಿದೆ." ಮನೆಯಲ್ಲಿ ಸಾವಕಾಶವಾಗಿ ಪರೀಕ್ಷಿಸಲು ತಲಾ ಮೂರು ಒಯ್ಯುವ ಪದ್ಧತಿಯೂ ಸಮಿತಿಗಿತ್ತು. ಮೇಲಧಿಕಾರಿಯ ಮನೆಯವರಿಗೆ ಪರೀಕ್ಷೆಯಲ್ಲಿ ಆಸಕ್ತಿ ಹೆಚ್ಚಿದ್ದರಿಂದ ಅವರು ಆರು ಒಯ್ಯುತ್ತಿದ್ದರು. ಅವರ ತಂಗಿಯ ಮನೆಯವರು ಅಥಣಿಯಲ್ಲಿದ್ದು, ಅಲ್ಲಿಯ ರುಚಿ ಬೇರೆಯಾದ್ದರಿಂದ ಅವರಿಗೂ ನಾಲ್ಕು.

ಸಿಹಿಯ ಕೊರತೆ ನೀಗಿಸಲು ಪ್ರತಿ ಲೋಟದ ಜೊತೆ ನೆಲ್ಲಿಕಾಯಿ ಗಾತ್ರದ ಬೆಲ್ಲದ ಹೆಂಟೆ ಇಡಬೇಕೆಂದು ಆದೇಶವಾಯಿತು. ಹೀಗಾಗಿ ಡಬ್ಬಿಯ ವ್ಯವಸ್ಥೆಯೇ ಬದಲಾಯಿತು. ಲೋಟ, ಮೇಲೆ ಬೆಣ್ಣೆ ಕಾಗದ, ಬೆಲ್ಲದ ಹೆಂಟೆ, ಮರದ ಚಮಚ, ಹೊರಗೆ ಸಸ್ಯಾಹಾರದ ಹಸಿರು ಚುಕ್ಕಿ, "ಒಬ್ಬರಿಗೆ ಸಾಕಾಗುವಷ್ಟು" ಎಂಬ ಚೀಟಿ. ಹೊತ್ತಿಸುವ ವಿಧಾನ ಹೇಳುವ ಹಳೆಯ ಚೀಟಿಯನ್ನು ತೆಗೆಸಲಾಯಿತು. ತಿನ್ನುವ ವಸ್ತುವಿಗೆ ಬೆಂಕಿ ಹಚ್ಚಿರೆಂದು ಬರೆಯಲು ನಿಯಮ ಹತ್ತೊಂಬತ್ತು ಒಪ್ಪುವುದಿಲ್ಲ. ಯಜಮಾನರು ಮೂವತ್ತೈದು ವರ್ಷ ಟಪಾಲಿಗೆ ತಿಕೀಟು ಅಂಟಿಸಿದ ಕೈಯಿಂದ ಆರುನೂರು ಹಸಿರು ಚುಕ್ಕಿ ಅಂಟಿಸಿದರು. ಒಂದೂ ಸೊಟ್ಟಗಾಗಲಿಲ್ಲ.

ತಾತ್ಯಾಸಾಹೇಬರು ಮಾಲು ತಲುಪಿದ ಮೇಲೆ ಚೀಟಿಯನ್ನು ಎರಡು ಸಲ ಓದಿದರಂತೆ. ನಂತರ ಅಡುಗೆಯವನನ್ನು ಕರೆದು, ಇನ್ನೊಂದು ಸ್ವೀಟ್ ನಮ್ಮ ಹತ್ತಿರವೇ ಐತಿ, ಜಿಲೇಬಿ ರದ್ದು ಮಾಡು ಎಂದರಂತೆ.

ಮದುವೆಯ ಸಂಜೆಯ ಊಟಕ್ಕೆ ನಾವೂ ಹೋಗಿದ್ದೆವು. ಪಂಕ್ತಿಯಲ್ಲಿ ಅನ್ನಕ್ಕಿಂತ ಮುಂಚೆ ಎಲ್ಲರ ತಾಟಿಗೂ ಒಂದೊಂದು ಮೇಣದಬತ್ತಿ ಬಡಿಸಿದರು. ಏಪ್ರಿಲ್ ಬಿಸಿಲಿಗೆ ಮೇಣ ಹದವಾಗಿ ಮೆತ್ತಗಾಗಿತ್ತು. ಚಮಚ ಸರಾಗ ಇಳಿಯುತ್ತಿತ್ತು. ತಿಂದವರಾರನ್ನೂ ನಾನು ನೋಡಲಿಲ್ಲ. ಬೇಡವೆಂದವರನ್ನೂ ನೋಡಲಿಲ್ಲ. ಬೀಗರ ಕಡೆಯ ಒಬ್ಬ ಹಿರಿಯರು ಮೂಸಿ ನೋಡಿ, "ಛಾನ್ ಆಹೆ," ಎಂದು ಮರಾಠಿಯಲ್ಲಿ ಹೊಗಳಿ ಇನ್ನೊಂದು ಹಾಕಿಸಿಕೊಂಡರು.

ಅಷ್ಟರಲ್ಲಿ ಕರೆಂಟು ಹೋಯಿತು. ಜನರೇಟರ್ ಕೈಕೊಟ್ಟಿತು. ಪೆಂಡಾಲಿನಲ್ಲಿ ಆರುನೂರು ಜನ, ಪ್ರತಿಯೊಬ್ಬರ ಮುಂದೆ ಒಂದು ಮೇಣದಬತ್ತಿ, ಕಣ್ಣಿಗೆ ಏನೂ ಕಾಣದ ಕತ್ತಲು. ಒಬ್ಬ ಹುಡುಗಿ ಕಡ್ಡಿಪೆಟ್ಟಿಗೆ ತೆಗೆದಳು. ತಾಟಿನಲ್ಲಿ ಬಡಿಸಿದ್ದಕ್ಕೆ ಬೆಂಕಿ ಇಡುವುದು ಯಾವ ಸಂಸ್ಕಾರ ಎಂದು ಅವಳ ಅಜ್ಜಿ ಕೈ ಹಿಡಿದಳು. ಕೊನೆಗೆ ಎಲ್ಲರೂ ಮೊಬೈಲಿನ ಬೆಳಕು ಹಚ್ಚಿ, ಆ ಬೆಳಕಿನಲ್ಲಿ ಮೇಣದಬತ್ತಿ ಯಾವ ಕಡೆ ಇದೆಯೆಂದು ನೋಡಿಕೊಂಡು, ಕೈ ತಾಗದಂತೆ ಸರಿಸಿ ಊಟ ಮುಗಿಸಿದರು.

ಈ ಮದುವೆಯ ನಂತರ ಬೇಡಿಕೆ ಹೆಚ್ಚಿತು. ಸಕ್ಕರೆ ಕಾಯಿಲೆಯವರಿಗೆ ಇದಕ್ಕಿಂತ ಒಳ್ಳೆಯ ಸ್ವೀಟ್ ಇಲ್ಲವೆಂದು ನಿಪ್ಪಾಣಿಯಿಂದ ಹಾರೂಗೇರಿಯವರೆಗೆ ಮಾತಾಯಿತು. ಎಷ್ಟು ಬಡಿಸಿಕೊಂಡರೂ ಸಕ್ಕರೆ ಏರುವುದಿಲ್ಲ. ಮಯೂರಿ ಇನ್ನೊಂದು ಪಾತೇಲಿ ಕೊಂಡಳು. ನನ್ನ ಅಡುಗೆಮನೆಯಲ್ಲಿ ನನಗೆ ನಿಲ್ಲಲು ಜಾಗವಿರಲಿಲ್ಲ.

ಜುಲೈ ಕಳೆಯಿತು. ಆಗಸ್ಟಿನಲ್ಲಿ ಒಂದು ದಿನ ಲಕ್ಕವ್ವ, ನಾಳೆ ಏನು ಮಾಡಲಿ ಎಂದು ನನ್ನನ್ನು ಕೇಳದೆ ಯಜಮಾನರನ್ನು ಕೇಳಿದಳು. ಅವರು ಝುಣಕಾ ಎಂದರು. ಅಂದೇ ನಾನು ಉಪಕಚೇರಿಯ ನಿಯಮಾವಳಿ ತರಿಸಿ ಅವಳ ಮನೆಯ ಕಟ್ಟೆಯ ಮೇಲೆ ಕೂತು ಓದತೊಡಗಿದೆ. ಅರವತ್ತನಾಲ್ಕು ಪುಟ. ಮಯೂರಿ ಮತ್ತೊಮ್ಮೆ ಬಂದು, ಬರೀ ಒಂದು ಗೆರೆ ಎಂದಳು. ನಾನು ಪುಟ ತಿರುವಿದೆ.

ನಿಯಮ ಹದಿನಾಲ್ಕು (ಬ) ನಿಷೇಧಿಸುವುದು ನೋಂದಣಿ ಇಲ್ಲದ ತಿನ್ನುವ ವಸ್ತುಗಳನ್ನು ಮಾತ್ರ. ದೀಪಗಳ ಬಗ್ಗೆ ಅದು ಏನೂ ಹೇಳುವುದಿಲ್ಲ. ನಾನು ಹೊಸ ನಮೂನೆ ಏಳು ತರಿಸಿದೆ. ವಸ್ತುವಿನ ಹೆಸರು: ಜೋಳದ ರೊಟ್ಟಿ. ವರ್ಗ: ದೀಪ, ಬತ್ತಿ ರಹಿತ. ಕಲಂ ನಾಲ್ಕು: ಸ್ವಂತ ಹೊಲದ ಜೋಳ. ಈ ಸಲ ಅದು ನಿಜವೂ ಆಗಿತ್ತು.

ಅಕ್ಟೋಬರ್ ಹದಿನೇಳು, ಗುರುವಾರ, ವಿಕ್ರಾಂತ ಪರೀಕ್ಷೆಗೆ ಬಂದ. "ಇದು ಉರೀತೈತೇನ್ರಿ ಬಾಯಾರ?" ಎಂದು ಸ್ವಲ್ಪ ಸಂಶಯದಿಂದಲೇ ಕೇಳಿದ.

"ಹಚ್ಚಿ ನೋಡ್ರಿ," ಎಂದೆ.

ಅವನು ಖಡಕ್ ರೊಟ್ಟಿಯೊಂದನ್ನು ಇಕ್ಕಳದಲ್ಲಿ ಹಿಡಿದು ಕಡ್ಡಿ ಗೀರಿದ. ತಡವಾಗಿ ಹೊತ್ತಿತು, ಆದರೆ ಹೊತ್ತಿತು. ಮೂರು ನಿಮಿಷ ಇಪ್ಪತ್ತು ಸೆಕೆಂಡು ಎಂದು ಬರೆದುಕೊಂಡ. ಉಳಿದ ಎರಡು ದೀಪಗಳನ್ನು ಶೇಂಗಾ ಚಟ್ನಿ ಹಚ್ಚಿಕೊಂಡು ಪರಿಶೀಲಿಸಿದ. "ಚಲೋ ದೀಪ ಅದಾವ್ರಿ," ಎಂದು ಸಹಿ ಹಾಕಿದ. ಬೇಳೆಯನ್ನು "ದೀಪಕ್ಕೆ ಹಾಕುವ ದ್ರವ, ಹಳದಿ" ಎಂದು ಅದೇ ಅರ್ಜಿಯಲ್ಲಿ ಸೇರಿಸಿಕೊಂಡದ್ದು ಅವನ ಒಳ್ಳೆಯತನ.

ಹೀಗೆ ಅಡುಗೆಮನೆ ನನ್ನ ವಶಕ್ಕೆ ಮರಳಿತು. ಒಂದು ಒಲೆಯ ಮೇಲೆ ಮಯೂರಿ ಸಿಹಿ ಮಾಡುತ್ತಾಳೆ, ಇನ್ನೊಂದರ ಮೇಲೆ ನಾನು ದೀಪ ಬಡಿಯುತ್ತೇನೆ. ರೊಟ್ಟಿಯ ಬುಟ್ಟಿಗೆ "ಹೊತ್ತಿಸಿ ಒಂಟಿಯಾಗಿ ಬಿಡಬಾರದು, ಮಕ್ಕಳ ಕೈಗೆ ಸಿಗದಂತೆ ಇಡಿ" ಎಂಬ ಚೀಟಿ ಅಂಟಿದೆ. ಇನ್ನೊಂದು ದೀಪ ಹಾಕು ಎಂದು ಯಜಮಾನರು ತಾಟು ಮುಂದೆ ಚಾಚುತ್ತಾರೆ. ಊರಲ್ಲಿ ಯಾರಿಗೂ ಇದು ವಿಶೇಷವೆನಿಸಿಲ್ಲ. ಸಂಜೆ ಕರೆಂಟು ಹೋದಾಗ ಕಪಾಟಿನಲ್ಲಿ ಇನ್ನೂರು ಮೇಣದಬತ್ತಿಗಳಿರುತ್ತವೆ, ಆದರೆ ಅವು ಸಿಹಿ ಪದಾರ್ಥ. ಹೊತ್ತಿಸಲು ಪರವಾನಗಿ ಇರುವುದು ರೊಟ್ಟಿಗೆ, ಆದರೆ ಹಸಿವಾಗಿರುತ್ತದೆ. ಕತ್ತಲಲ್ಲೇ ಉಣ್ಣುತ್ತೇವೆ.

ಈ ಪ್ರಕರಣಕ್ಕೆ ಒಟ್ಟು ತಗುಲಿದ್ದು ಇಷ್ಟು. ಅಡುಗೆಮನೆ, ಏಳು ತಿಂಗಳು ಮೂರು ದಿನ. ಪ್ರತಿ ಗುರುವಾರ ಸುಡಲು ಒಂದು ರೊಟ್ಟಿ, ಪರಿಶೀಲಿಸಲು ಎರಡು, ಚಟ್ನಿ ಬೇರೆ. ಯಜಮಾನರಿಗೆ ಲಕ್ಕವ್ವಳ ಉಪ್ಪು ರೂಢಿಯಾಗಿದೆ. ನನ್ನ ಬೇಳೆ ಸಪ್ಪೆ ಎನ್ನುತ್ತಾರೆ. ದಾಖಲೆ ಸರಿಯಾಗಿರಬೇಕೆಂದು ೧೯೮೪ರ ಜೂನ್ ಹನ್ನೊಂದರ ಪುಟ ತೆಗೆದು, "ಉಣ್ಣಬೇಕೆಂಬುದು" ಎಂಬಲ್ಲಿ ಗೆರೆ ಹೊಡೆದು "ಹೊತ್ತಿಸಬೇಕೆಂಬುದು" ಎಂದು ತಿದ್ದಿದ್ದೇನೆ. ಪಕ್ಕದಲ್ಲಿ ಸಹಿ ಹಾಕಿದ್ದೇನೆ. ಗೆರೆ ಒಂದೇ.