ಕರೆಂಟು ಹೋದಾಗ ಹೆದರುವವಳು

…ಅದು ನಮ್ಮ ಮನೆಯಲ್ಲೇ ನಡೆದದ್ದೋ, ಅಥವಾ ಯಾರೋ ಹೇಳಿದ್ದನ್ನು ಕೇಳಿ ಕೇಳಿ ನಾನೂ ಅಲ್ಲೇ ಕುಳಿತಿದ್ದೆನೆಂದು ನಂಬಿಕೊಂಡಿದ್ದೇನೋ, ಈಗ ಹೇಳುವುದು ಕಷ್ಟ. ಇಷ್ಟಂತೂ ಖಂಡಿತ: ಲೋಕವೆಲ್ಲ ಕರೆಂಟು ಇದ್ದಾಗ ಹೆದರಿದರೆ, ತೆರಕಣಾಂಬಿಯ ನಮ್ಮ ಚಿಕ್ಕಮ್ಮ ಕರೆಂಟು ಹೋದಾಗ ಹೆದರುತ್ತಿದ್ದಳು. ಫ್ಯಾನು ನಿಂತಿತೋ, ಅವಳ ಅಪ್ಪಣೆ ಹೊರಟಿತು: ಯಾರೂ ಏನನ್ನೂ ಮುಟ್ಟಕೂಡದು. ಮಿಕ್ಸಿಯಲ್ಲಿ ಅರ್ಧ ಅರೆದ ಚಟ್ನಿ, ಇಸ್ತ್ರಿಪೆಟ್ಟಿಗೆಯ ಪಕ್ಕ ಅರ್ಧ ಸುಕ್ಕಿನ ಅಂಗಿ, ಮನೆಮಂದಿಯೆಲ್ಲ ಕೈಕಟ್ಟಿ ಕೂರಬೇಕು. “ಅದು ಓಗಿಲ್ಲ ಕಣ್ಲಾ, ಓದಂಗೆ ನಟ್ನೆ ಮಾಡ್ತಾ ಕುಂತದೆ” ಎನ್ನುತ್ತಿದ್ದಳು. ಹೊಸಬರಾದರೆ, ಯಾವುದೋ ಕಳ್ಳ ಬೆಕ್ಕಿನ ವಿಷಯ ಎಂದುಕೊಳ್ಳಬೇಕು!

ನಗುವ ಮುಂಚೆ ಒಂದು ವಿಷಯ ಹೇಳಿಬಿಡುತ್ತೇನೆ. ಚಿಕ್ಕಪ್ಪ ಲೈನ್‌ಮನ್ ಆಗಿದ್ದರು. ಲೈನ್ ಆಫ್ ಮಾಡಿಸಿಕೊಂಡೇ ಅರಿಸಿನದ ಹೊಲದ ಕಂಬ ಹತ್ತಿದರು. ಅವರನ್ನು ಕೆಳಗಿಳಿಸಿದ್ದು ಬೇರೆಯವರು. ಆಫ್ ಆದ ಲೈನಿಗೆ ಕರೆಂಟು ಎಲ್ಲಿಂದ ಬಂತು? ಇಲಾಖೆಯ ಸಾಹೇಬರು ಬಂದು ನೋಡಿ, ಸತ್ತವರದೇ ಅಜಾಗರೂಕತೆ ಎಂದರು. ಟೀ ಅಂಗಡಿಯವರು, ಕುಡಿದಿದ್ದರು ಎಂದರು. ಕಾಫಿಯನ್ನೂ ಊದಿ ಊದಿ ಆರಿಸಿ ಕುಡಿಯುತ್ತಿದ್ದ ಮನುಷ್ಯ! ಚಿಕ್ಕಮ್ಮ ಅಳುವುದನ್ನು ಮುಗಿಸಿ (ಮುಗಿಸಿದಳೆಂದು ನಾವು ಅಂದುಕೊಂಡೆವು), ತಪ್ಪು ಯಾರದೆಂದು ತಾನೇ ಕಲಿತು ತಿಳಿದುಕೊಳ್ಳುತ್ತೇನೆಂದು ಚಾಮರಾಜನಗರದ ಒಂದು ಐಟಿಐಗೆ ಸೇರಿಬಿಟ್ಟಳು. ಅದೂ ಎಲೆಕ್ಟ್ರಿಷಿಯನ್ ಟ್ರೇಡಿಗೆ!

ಸೇರಲೇಬೇಕೆಂದಿದ್ದರೆ ಹೊಲಿಗೆಗೆ ಸೇರು ಎಂದರು ನೆಂಟರು. “ಒಲಿಗೆ ತಪ್ಪಾದ್ರೆ ಬಿಚ್ಚಿ ಒಲ್ಕಬೋದು. ಅದ್ನ ಕಲ್ಯಕ್ಕೆ ಸ್ಕೂಲ್ ಯಾಕೆ?” ಎಂದಳಂತೆ. ಸೀರೆಯ ಮೇಲೆ ವರ್ಕ್‌ಶಾಪಿನ ನೀಲಿ ಕೋಟು, ಹಣೆಯಲ್ಲಿ ವಿಭೂತಿ. ಕೊರಳಲ್ಲಿ ಶಿವದಾರ, ಅದರ ಪಕ್ಕದ ಇನ್ನೊಂದು ದಾರದಲ್ಲಿ ಟೆಸ್ಟರ್. ಬಸ್ಸಿನ ಕಂಡಕ್ಟರ್ ಅವಳನ್ನು ಆಸ್ಪತ್ರೆಯ ಆಯಾ ಎಂದು ತಿಳಿದು, ದಿನವೂ ತನ್ನ ಮಂಡಿನೋವು ಹೇಳಿಕೊಳ್ಳುತ್ತಿದ್ದ. ಅವಳೂ ಔಷಧ ಹೇಳುತ್ತಿದ್ದಳು. ಪೋಷಕರ ಸಭೆಯಲ್ಲಿ ಮೇಷ್ಟ್ರೊಬ್ಬರು ನಿಮ್ಮ ಮಗ ಯಾರಮ್ಮ ಎಂದದ್ದಕ್ಕೆ, ಎದ್ದು ನಿಂತು “ನಾನೇ ಸಾರ್” ಎಂದಳಂತೆ.

ಟೆಸ್ಟರ್ ಬಂದ ಮೇಲೆ ನಮಗ್ಯಾರಿಗೂ ನೆಮ್ಮದಿ ಉಳಿಯಲಿಲ್ಲ. ಕಬ್ಬಿಣದ ಮಂಚ, ನಲ್ಲಿ, ಗೇಟು, ಎಲ್ಲಕ್ಕೂ ಮುಟ್ಟಿಸಿ ನೋಡುವಳು. ಒಂದು ಮದುವೆಯಲ್ಲಿ ಚಪ್ಪರದ ಕಂಬಿಗೆ ಮುಟ್ಟಿಸಿದವಳೇ ಹೋಗಿ ಮೇನ್ ಸ್ವಿಚ್ಚು ಕಿತ್ತುಹಾಕಿದಳು. ತಾಳಿ ಕಟ್ಟಿದ್ದು ಮೊಬೈಲ್ ಬೆಳಕಿನಲ್ಲಿ. ಕಂಬಿಯಲ್ಲಿ ಕರೆಂಟು ಇತ್ತೆಂದು ಗಂಡಿನ ಕಡೆಯವರು, ಇರಲೇ ಇಲ್ಲವೆಂದು ಹೆಣ್ಣಿನ ಕಡೆಯವರು. ನಾನು ಎರಡೂ ಕಡೆ ಊಟ ಮಾಡುವವನು, ಏನು ಹೇಳಲಿ?

ರಿಸಲ್ಟ್ ಬಂದ ದಿನ ಮಾತ್ರ ನಾನು ಅಲ್ಲಿದ್ದೆ. ಇದಕ್ಕೆ ಸಾಕ್ಷಿಯಿದೆ. ಅವಳ ಕ್ಲಾಸಿನ ಹುಡುಗರ ಫೋಟೋದ ಅಂಚಿನಲ್ಲಿ ನನ್ನ ಅರ್ಧ ಮುಖ ಬಿದ್ದಿದೆ. ಬೇಕರಿಯ ಮುಂದೆ ಎಲ್ಲರೂ ಮೊಬೈಲು ತೀಡುತ್ತಾ ನಿಂತಿದ್ದರು. ಚಿಕ್ಕಮ್ಮ ಪಾಸು. ಹುಡುಗರು ಅವಳ ವಿಭೂತಿಯ ಮೇಲೆ ಕೇಕಿನ ಕ್ರೀಮು ಬಳಿದರು. ಆಮೇಲೆ ಮುಂದೇನು ಎಂಬ ಮಾತು ಬಂತು. ಒಬ್ಬನಿಗೆ ನಂಜನಗೂಡಿನ ಕಾರ್ಖಾನೆಯಲ್ಲಿ ಅಪ್ರೆಂಟಿಸ್ ಕೆಲಸ, ಹರವೆಯ ಹುಡುಗ ಡಿಪ್ಲೊಮಾಕ್ಕೆ, ಗುಂಡ್ಲುಪೇಟೆಯ ಅನ್ವರ್ ಗಡಿ ದಾಟಿ ಕೇರಳದ ಬತ್ತೇರಿಯಲ್ಲಿ ಮಾವನ ಜೊತೆ ವೈರಿಂಗಿಗೆ. “ನಿಮ್ದು ನೆಕ್ಸ್ಟ್ ಏನಮ್ಮಾ?” ಎಂದು ಅನ್ವರ್ ಕೇಳಿದ. ಚಿಕ್ಕಮ್ಮ ಕೇಕಿನ ತಟ್ಟೆಯನ್ನೇ ತನ್ನ ಕಡೆಗೆ ಎಳೆದುಕೊಂಡು, ತಾನೇ ಕೇಳತೊಡಗಿದಳು.

“ಲೈನ್ ಮುಟ್ಟಕ್ ಮುಂಚೆ?”

“ಆಫ್ ಮಾಡ್ಬೇಕು.”

“ಆಮೇಲೆ?”

“ಟೆಸ್ಟ್ ಮಾಡ್ಬೇಕು.”

“ಆಮೇಲೆ?”

“ಅರ್ತ್ ಕೋಲು ಸಿಗಾಕ್ಬೇಕು. ಕೇಕ್ ಕೊಡಮ್ಮ, ಒಟ್ಟೆ ಅಸೀತದೆ.”

ಒಬ್ಬೊಬ್ಬನಿಂದಲೂ ಹೇಳಿಸಿಯೇ ತುಂಡು ಕೊಟ್ಟಳು. ಕೋಲೆಂದಾಗಲೆಲ್ಲ ಅವರು ನಗುತ್ತಿದ್ದರು. ಯಾಕೆಂದು ಅನ್ವರ್ ನನಗೆ ಬಿಡಿಸಿ ಹೇಳಿದ. ಲೈನ್ ಆಫ್ ಮಾಡಿದರೂ ಸಾಲದು, ಯಾರೋ ತಮ್ಮ ಮನೆಯಲ್ಲಿ ಜನರೇಟರ್ ಹಾಕಿದರೆ ಕರೆಂಟು ಹಿಂದಕ್ಕೆ ಹರಿದು ಲೈನಿಗೆ ಬಂದುಬಿಡಬಹುದು. ಅದಕ್ಕೇ ಕೊಕ್ಕೆಯಿರುವ ಒಂದು ಉದ್ದನೆಯ ಕೋಲು. ಅದರ ತಂತಿಯನ್ನು ಮೊದಲು ನೆಲಕ್ಕೆ ಕೊಟ್ಟು, ಕೊಕ್ಕೆಯನ್ನು ಲೈನಿಗೆ ಸಿಗಿಸಿದರೆ, ಬಂದ ಕರೆಂಟು ಮೈಗೆ ಹರಿಯದೆ ಮಣ್ಣಿಗೆ ಹರಿಯುತ್ತದೆ. ಮೇಷ್ಟ್ರು ಅದನ್ನು ಮೊದಲ ಸಲ ಕ್ಲಾಸಿಗೆ ತಂದ ದಿನ ಚಿಕ್ಕಮ್ಮ ಎದ್ದು ನಿಂತು, “ಇದ್ರಲ್ಲಿ ನುಗ್ಗೆಕಾಯಿ ಕೀಳ್ತಾರಲ್ವಾ ಸಾರ್?” ಎಂದಳಂತೆ. ಕ್ಲಾಸಿಗೆ ಕ್ಲಾಸೇ ಬಿದ್ದು ಬಿದ್ದು ನಕ್ಕಿತಂತೆ. ಎರಡು ವರ್ಷದಲ್ಲಿ ಅದಕ್ಕಿಂತ ಒಳ್ಳೆಯ ಜೋಕು ಇರಲಿಲ್ಲ ಎಂದ ಅನ್ವರ್. ಅವಳೂ ನಕ್ಕಳೇ ಎಂದು ಕೇಳಿದೆ. ನಕ್ಕರು ಎಂದ. ಕೈಯಲ್ಲಿದ್ದ ಕೇಕು ಕಚ್ಚಿ, ನೆನಪಿಲ್ಲ ಅಣ್ಣ ಎಂದ.

ಗುಂಡ್ಲುಪೇಟೆಯ ಬಸ್ಸಿನಲ್ಲಿ ಚಿಕ್ಕಮ್ಮನೂ ನಾನೂ ವಾಪಸು ಹೊರಟೆವು. ಅವಳ ಕಿವಿಯ ಹಿಂದೆ ಇನ್ನೂ ಕ್ರೀಮು ಇತ್ತು. ಊರು ದಾಟಿದ ಮೇಲೆ, ನಾನು ಕೇಳದೆಯೇ ಹೇಳಿದಳು.

“ಆ ಕೋಲು ನಮ್ಮನೇಲಿತ್ತು ಕಣಪ್ಪ. ಏನಕ್ಕೆ ಅಂತ ಗೊತ್ತಿರ್ನಿಲ್ಲ. ವೈರು ಬಿಚ್ಚಾಕಿ, ನಾನು ಅದ್ರಲ್ಲಿ ನುಗ್ಗೆಕಾಯಿ ಕೀಳ್ತಿದ್ದೆ. ಅವತ್ತು ಅವ್ರೇ ಬುಟ್ಟೋದ್ರೋ, ನಾನು ಇತ್ಲಲ್ಲಿ ಮಡಗ್ಬುಟ್ಟು ಅವ್ರಿಗೆ ಸಿಗ್ನಿಲ್ವೋ, ನೆಪ್ಪೇ ಬತ್ತಿಲ್ಲ.”

ತಪ್ಪು ಯಾರದೆಂದು ಕಲಿಯಲು ಹೋದವಳು ಮೊದಲ ವರ್ಷವೇ ಇದನ್ನು ಕಲಿತಿದ್ದಳು. ಆಮೇಲೂ ದಿನವೂ ಅದೇ ಬಸ್ಸು ಹತ್ತಿ, ಅದೇ ಜೋಕು ಕೇಳಿಸಿಕೊಂಡು, ಪಾಸಾಗಿದ್ದಳು.

ಚಿಕ್ಕಪ್ಪನ ದೇಹ ಬರುವ ಮುಂಚೆ ನೀರು ಸೇದಲು ಆ ಹಿತ್ತಿಲಿಗೆ ಹೋದವನು ನಾನೇ. ನುಗ್ಗೆಮರಕ್ಕೆ ಉದ್ದನೆಯದೇನೋ ಒರಗಿತ್ತು, ತುದಿಯಲ್ಲಿ ಕೊಕ್ಕೆ. ಕಣ್ಣು ಮುಚ್ಚಿದರೆ ಅದು ಒಮ್ಮೆ ಇಲಾಖೆಯ ಹಳದಿ ಕೋಲು, ಒಮ್ಮೆ ಎಲ್ಲರ ಹಿತ್ತಿಲಲ್ಲೂ ಇರುವ ಬಿದಿರು.

“ಅವತ್ತು ಹಿತ್ತಿಲಲ್ಲಿದ್ದದ್ದು ಬಿದಿರಿನ ಗಳ ಚಿಕ್ಕಮ್ಮ” ಎಂದೆ. “ನಾನು ನೋಡಿದ್ದೀನಿ.”

“ನೋಡಿದ್ಯಾ?”

“ನೋಡಿದ್ದೀನಿ.”

ಅವಳು ಕಿವಿಯ ಹಿಂದಿನ ಕ್ರೀಮನ್ನು ಸೆರಗಿನಿಂದ ಒರೆಸಿಕೊಂಡಳು. “ಸರಿ ಬುಡು” ಎಂದು ನನ್ನ ಹೆಗಲಿಗೆ ತಲೆಯಿಟ್ಟು, ತೆರಕಣಾಂಬಿ ಬರುವವರೆಗೂ ನಿದ್ದೆ ಮಾಡಿದಳು. ನಿದ್ದೆಯೋ, ಸುಮ್ಮನೆ ಕಣ್ಣು ಮುಚ್ಚಿದ್ದಳೋ. ನನ್ನನ್ನು ನಂಬಿದಳೇ? ಗೊತ್ತಿಲ್ಲ. ಆ ದಿನ ಮರಕ್ಕೆ ಒರಗಿದ್ದದ್ದು ಯಾವುದು ಎಂಬುದೂ ನನಗೆ ಗೊತ್ತಿಲ್ಲ.