ದೊಡ್ಡಮ್ಮನ ಪಾಸ್‌ವರ್ಡ್ ಮತ್ತು ಪಕ್ಕದ ಮನೆ

ನಮ್ಮ ದೊಡ್ಡಮ್ಮನ ಇಮೇಲ್‌ನಷ್ಟು ಭದ್ರವಾದದ್ದು ಕೊಪ್ಪ ತಾಲ್ಲೂಕಿನಲ್ಲೇ ಇನ್ನೊಂದಿಲ್ಲ. ಪಾಸ್‌ವರ್ಡ್ ಅವಳು ಮರೆತರೂ ಪಕ್ಕದ ಮನೆಯವರಿಗೆ ನೆನಪಿರುತ್ತದೆ!

ಬಾಳಗಡಿಯಲ್ಲಿ ಅವಳದು ಉಪ್ಪಿನಕಾಯಿ ವ್ಯಾಪಾರ. ಆರ್ಡರುಗಳು ಬರುವುದು ಮನೆಯ ಕಂಪ್ಯೂಟರಿಗೆ. ಫೋನಿನ ಅಕ್ಷರ ಅವಳಿಗೆ ಕಾಣುವುದಿಲ್ಲ. ಊರಿಗೆ ಹೊರಟರೆ ಬೀಗದ ಕೈ ಪಕ್ಕದ ಮನೆಗೆ ಕೊಡುವುದು ನಮ್ಮ ಕಡೆಯ ರೂಢಿ. ಆರ್ಡರು ನೋಡಿಕೊಳ್ಳಲಿ ಅಂತ ದೊಡ್ಡಮ್ಮ ಅದರ ಜೊತೆ ಪಾಸ್‌ವರ್ಡನ್ನೂ ಕೊಡುತ್ತಾಳೆ. ಅದೂ ಗೇಟಿನಾಚೆಯಿಂದ ಕೂಗಿ!

"ದೊಡ್ಡಮ್ಮಾ, ಖಾಸಗಿತನಕ್ಕೆ ಈಗ ಕಾನೂನೇ ಬಂದಿದೆ" ಎಂದೆ.

"ಹೌದಾ? ಕಾನೂನು ಬಂದು ನಮ್ಮನೆ ತುಳಸಿಗೆ ನೀರು ಹಾಕ್ತದಾ?"

ಹಾಗಂತ ಗುಟ್ಟಿನ ಬೆಲೆ ಅರಿಯದವಳು ಅಂದುಕೊಳ್ಳಬೇಡಿ. ಬಾಳೆಹೊನ್ನೂರಿನ ಮಸಾಲೆ ವ್ಯಾಪಾರಿಯೊಬ್ಬ ಅವಳ ಗಿರಾಕಿಗಳ ಇಮೇಲ್ ವಿಳಾಸ ಕೇಳಿಕೊಂಡು ಬಂದಿದ್ದ.

"ಅವ್ರು ಉಪ್ಪಿನಕಾಯಿ ಕೇಳಿದ್ದು ನನ್ ಹತ್ರ ಮಾರಾಯ. ನಿನ್ನ ಸಾಂಬಾರ್ ಪುಡಿ ಎಂತಕ್ಕೆ ಅವ್ರ ಮನೆಗೆ ನುಗ್ಬೇಕು?" ಎಂದು ಕಾಫಿ ಕೊಟ್ಟು ಕಳಿಸಿದಳು. ಕಾಫಿಗೆ ಸಕ್ಕರೆ ಹಾಕಿರಲಿಲ್ಲವಂತೆ!

ಹೋದ ವರ್ಷ ನನ್ನ ಎದೆಯಲ್ಲೊಂದು ಗಂಟು ಕೈಗೆ ಸಿಕ್ಕಿತು. ಎನ್.ಆರ್. ಪುರದ ನಮ್ಮ ಪುಟ್ಟ ಮನೆಯಲ್ಲಿ ಅಮ್ಮನಿಗೆ ಕೇಳಿಸದಂತೆ ಫೋನ್ ಮಾಡುವುದು ಆಗದ ಮಾತು. ಹೆದರಿಕೆಯನ್ನೆಲ್ಲ ದೊಡ್ಡಮ್ಮನಿಗೆ ಮೇಲ್ ಮಾಡಿದೆ. ಕಳಿಸಿದ ಮೇಲೆ ನೆನಪಾಯಿತು, ಅವಳು ಶೃಂಗೇರಿಯ ಮಗಳ ಮನೆಯಲ್ಲಿದ್ದಾಳೆ. ಪಾಸ್‌ವರ್ಡ್ ಪಕ್ಕದ ಮನೆಯಲ್ಲಿದೆ! ಸಂಜೆಯೊಳಗೆ ಕೊಪ್ಪ ಬಸ್‌ಸ್ಟ್ಯಾಂಡಿಗೆಲ್ಲ ಸುದ್ದಿಯಾಗುತ್ತದೆ. ಅಮ್ಮ ಸ್ನಾನಕ್ಕೆ ಹೋದ ಹೊತ್ತು ನೋಡಿ ಹಿತ್ತಲಿಗೆ ಹೋಗಿ ಪಕ್ಕದ ಮನೆಯಾಕೆಗೆ ಪಿಸುದನಿಯಲ್ಲಿ ಫೋನ್ ಮಾಡಿದೆ.

"ನಿನ್ನ ಹೆಸ್ರು ಕಂಡೆ. ಆರ್ಡರ್ ಅಲ್ಲ ಅಂತ ತೆಗೀಲಿಲ್ಲ" ಎಂದರು. "ಬೀಗದ ಕೈ ಕೊಟ್ರೆ ತುಳಸಿಗೆ ನೀರು ಹಾಕ್ತೀವಿ. ಬೀರು ತೆಗಿತೀವಾ ಮಾರಾಯ್ತಿ? ಕೂಸಿನ ಮೇಲ್ ಬಂದಿದೆ, ಬಂದು ನೋಡು ಅಂತ ನಿನ್ನ ದೊಡ್ಡಮ್ಮಂಗೆ ಹೇಳಿದೀನಿ."

ದೊಡ್ಡಮ್ಮ ಸಿಕ್ಕ ಬಸ್ಸು ಹತ್ತಿ ಮನೆಗೆ ಬಂದು ಓದಿದಳು. ಮರುದಿನ ಬೆಳಿಗ್ಗೆ ಉಪ್ಪಿನಕಾಯಿ ಭರಣಿಯ ನೆಪ ಹಿಡಿದು ನಮ್ಮ ಬಾಗಿಲಲ್ಲಿ ನಿಂತಿದ್ದಳು. ಆಸ್ಪತ್ರೆಗೆ ಜೊತೆಗೆ ಬಂದಳು. ಗಂಟಿನಿಂದ ಅಪಾಯವಿಲ್ಲ ಎಂದು ಡಾಕ್ಟರು ಹೇಳಿದಾಗ ನನಗಿಂತ ಮೊದಲು ಅತ್ತವಳು ಅವಳೇ.

ವಾಪಸು ಬರುವಾಗ ಬಸ್ಸಿನಲ್ಲಿ ಹೇಳಿದೆ, "ಎಲ್ಲರ ಪಕ್ಕದಲ್ಲೂ ಅಂಥ ಮನೆ ಇರಲ್ಲ ದೊಡ್ಡಮ್ಮ. ಅದಕ್ಕೇ ಕಾನೂನು ಬೇಕು."

ದೊಡ್ಡಮ್ಮ ಒಪ್ಪಿದಳು. "ಅದೂ ಹೌದು. ಕಾನೂನು ಇರ್ಲಿ. ಪಾಸ್‌ವರ್ಡ್ ನಾನೂ ಬದಲಾಯಿಸ್ತೀನಿ."

ಈಗ ಪಕ್ಕದ ಮನೆಗೆ ಬೀಗದ ಕೈ ಮಾತ್ರ. ಹೊಸ ಪಾಸ್‌ವರ್ಡನ್ನು ಅವಳು ಕೂಗಲಿಲ್ಲ, ನನ್ನ ಕಿವಿಯಲ್ಲಿ ಹೇಳಿದಳು. ಡಾಕ್ಟರು ನನಗೆ ಏನೂ ಆಗಿಲ್ಲ ಎಂದ ದಿನದ ತಾರೀಖು ಅದು. ಯಾವ ತಾರೀಖು ಅಂತ ಮಾತ್ರ ಕೇಳಬೇಡಿ, ಹೇಳುವುದಿಲ್ಲ.